ಕಿಟಕಿ ಮುಚ್ಚಿ ಕಥೆ ಹೇಳುವ ದೇವಿರಮ್ಮ

ಕಿರುಗಾವಲಿನ ಒಂದು ಅಂಗನವಾಡಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಕತ್ತಲಾಗುತ್ತಿತ್ತು. ಸಹಾಯಕಿ ದೇವಿರಮ್ಮ ಎರಡೂ ಕಿಟಕಿ ಮುಚ್ಚಿ, ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟು, ಇಪ್ಪತ್ತು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, "ಈಗ ರಾತ್ರಿ ಆಯ್ತು ಕಣ್ರಪ್ಪಾ" ಎಂದು ಸಾರಿ ಕಥೆ ಶುರುಮಾಡುತ್ತಿದ್ದರು.

ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಪಾಠದಲ್ಲಿ ಕೊನೆಯ ಬೆಂಚಿನವರು ಯಾಕೆ ನಿದ್ದೆ ಮಾಡುತ್ತಾರೆ ಎಂಬುದೊಂದು ಮಾತ್ರ ನನ್ನ ಶಾಸ್ತ್ರಕ್ಕೆ ಸಿಕ್ಕಿಲ್ಲ. ಮಂಡ್ಯದ ಒಂದು ವಿಚಾರ ಸಂಕಿರಣಕ್ಕೆ ಮಕ್ಕಳ ಅದ್ಭುತ ಕಥೆಯೊಂದರ ಮನೋವಿಶ್ಲೇಷಣೆ ಮಾಡುತ್ತೇನೆಂದು ಒಪ್ಪಿಕೊಂಡು, ದೇವಿರಮ್ಮನ ರಾಗಿಕಲ್ಲಿನ ಕಥೆ ಕೇಳಲು ಹೋದೆ.

ಕಥೆ ಇಷ್ಟು. ಅಜ್ಜಿ ರಾಗಿ ಬೀಸುವಾಗ ಮೊಮ್ಮಗಳು ಕಲ್ಲಿನ ಬಾಯೊಳಗೆ ಇಣುಕಿ, ಕಾಳಿನ ಜೊತೆ ಜಾರಿ ಬೀಳುತ್ತಾಳೆ. ಒಳಗೊಂದು ಹಿಟ್ಟಿನ ಲೋಕ. ಮರ, ಮನೆ, ಹಸು ಎಲ್ಲವೂ ಹಿಟ್ಟು, ಊದಿದರೆ ಹಾರಿಹೋಗುತ್ತವೆ. ದಾರಿಯಲ್ಲಿ ಮುಖವೇ ಇಲ್ಲದ ಗಂಡಸೊಬ್ಬ ನಿಂತು ಕೇಳುತ್ತಾನೆ: "ದಾರಿ ಎತ್ತಗವ್ವಾ?" ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ದೇವಿರಮ್ಮ ಎದ್ದು ಕಿಟಕಿ ತೆಗೆದುಬಿಡುತ್ತಾರೆ. ಕಥೆ ಅಲ್ಲಿಗೇ ನಿಂತಿತು. ಮಕ್ಕಳು ತಟ್ಟೆ ಹಿಡಿದು ಊಟಕ್ಕೆ ಓಡಿದವು.

ನಾನು ಸಂಭ್ರಮದಿಂದ ಟಿಪ್ಪಣಿ ಬರೆದುಕೊಂಡೆ. ಕಲ್ಲಿನ ಬಾಯಿ ತಾಯಿಯ ಗರ್ಭ. ಮುಖವಿಲ್ಲದವನು ತಂದೆ. ಉತ್ತರ ಕೊಡದಿರುವುದು ತಂದೆಯ ಮೇಲಿನ ಅದುಮಿಟ್ಟ ಸಿಟ್ಟು. ಇದನ್ನು ದೇವಿರಮ್ಮನಿಗೂ ವಿವರಿಸಿದೆ.

"ನಮ್ಮಪ್ಪ ಅಕೋ ಅಲ್ಲಿ ಬೀಡಿ ಸೇದ್ತಾ ಕುಂತವ್ನೆ ಮೇಷ್ಟ್ರೇ. ಅವನ ಮ್ಯಾಲಿನ ಸಿಟ್ಟ ನಾನ್ಯಾವತ್ತೂ ಅದುಮ್ಕಂಡಿಲ್ಲ. ದಿನಾ ಮುಖಕ್ಕೇ ಬಯ್ತೀನಿ."

"ಮತ್ತೆ ಅವನ್ಯಾರು?"

"ನಮ್ಮ ಸೋದರಮಾವ. ಚಿಕ್ಕಮಾದು."

ದೇವಿರಮ್ಮನಿಗೆ ಆಗ ಆರು ವರ್ಷ. ಮಟಮಟ ಮಧ್ಯಾಹ್ನ ಕಥೆ ಹೇಳೆಂದು ಅಜ್ಜಿಯ ಸೆರಗು ಹಿಡಿದು ಹಠ ಮಾಡಿದ್ದರು. ಹಗಲಲ್ಲಿ ಕಥೆ ಕೇಳಿದ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಆ ಮನೆಯ ನಂಬಿಕೆ. ಕಾಟ ತಾಳಲಾರದೆ ಅಜ್ಜಿ ಶುರುಮಾಡಿತು. ಹುಡುಗಿ ಹಿಟ್ಟಿನ ಲೋಕಕ್ಕೆ ಬೀಳುವ ಹೊತ್ತಿಗೆ ಚಿಕ್ಕಮಾದು ಹೊಸ ಅಂಗಿ ತೊಟ್ಟು, ಹೆಣ್ಣು ನೋಡಲು ನಿಡಘಟ್ಟಕ್ಕೆ ಹೊರಟ. ಮದ್ದೂರಿನಲ್ಲಿ ಬಸ್ಸಿಳಿದದ್ದನ್ನು ಕಂಡವರಿದ್ದರು. ನಿಡಘಟ್ಟ ಮುಟ್ಟಲಿಲ್ಲ, ವಾಪಸ್ಸೂ ಬರಲಿಲ್ಲ. ಅಜ್ಜಿ ಮತ್ತೆ ಬಾಯಿಬಿಟ್ಟು ಕಥೆ ಹೇಳಲಿಲ್ಲ. ಕಥೆಯ ಕೊನೆ ಏನೆಂದು ದೇವಿರಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮುಖವಿಲ್ಲದವನನ್ನು ತಂದು ನಿಲ್ಲಿಸಿದ್ದು ಅವರೇ.

"ಮುಖ ಯಾಕಿಲ್ಲ?"

"ಮರ್ತೋಯ್ತು. ಅಂಗಿ ಗ್ಯಾನದಲ್ಲೈತೆ. ಮುಖ ಇಲ್ಲ."

ಈಗ ಸೂಪರ್‌ವೈಸರ್ ಮೇಡಂ, ಮಕ್ಕಳನ್ನು ಕತ್ತಲಲ್ಲಿ ಕೂರಿಸಿದರೆ ಕೆಲಸದಿಂದ ತೆಗೆಯುತ್ತೇನೆ ಎಂದಿದ್ದರು. ಸೋಮವಾರ ಮತ್ತೆ ಬರುವವರಿದ್ದರು.

"ಕಿಟಕಿ ತೆಗೆದೇ ಹೇಳಿ ಮತ್ತೆ."

"ಇಪ್ಪತ್ತು ಮಕ್ಳು ಮೇಷ್ಟ್ರೇ! ಎಷ್ಟು ಜನ ಮಾವಂದಿರು ದಾರೀಲವ್ರೋ ಯೋಚ್ನೆ ಮಾಡಿ. ಅಕೋ ಅಲ್ಲಿ ಉಣ್ತಾವ್ಳಲ್ಲ, ಆ ಜಾಕಿಯಾಗೇ ನಾಕು ಜನ. ಒಬ್ಬ ಲಾರಿ ಓಡುಸ್ತಾನೆ."

ನಾನು ಗಂಟಲು ಸರಿಮಾಡಿಕೊಂಡೆ. ಎಳೆಯ ಮನಸ್ಸು ಮಾಡದ ತಪ್ಪನ್ನು ಹೊತ್ತುಕೊಳ್ಳುತ್ತದೆ ಎಂದೆ. ಆ ಗಂಡಸಿಗೆ ಒಂದು ಉತ್ತರ ಕೊಟ್ಟು ಕಥೆ ಮುಗಿಸಿ, ಅವನು ನಿಮ್ಮನ್ನು ಬಿಟ್ಟುಹೋಗುತ್ತಾನೆ ಎಂದೆ. ದೇವಿರಮ್ಮ ಕಣ್ಣು ಮಿಟುಕಿಸದೆ ಕೇಳಿದರು. ನನ್ನ ಪಾಠವನ್ನು ಯಾರೂ ಹಾಗೆ ಕೇಳಿದ್ದೇ ಇಲ್ಲ, ನನಗೆ ಖುಷಿಯಾಯಿತು.

ಸೋಮವಾರ ಕಿಟಕಿಗಳು ತೆರೆದಿದ್ದವು. ಮೇಡಂ ಕುರ್ಚಿಯಲ್ಲಿ, ನಾನು ಚಾಪೆಯಲ್ಲಿ. "ದಾರಿ ಎತ್ತಗವ್ವಾ?" ಎಂದು ಕೇಳಿ ದೇವಿರಮ್ಮ ನಿಂತುಬಿಟ್ಟರು. ಕಿಟಕಿಯಾಚೆಯ ಬಿಸಿಲು ಬೀದಿಯನ್ನೇ ನೋಡುತ್ತಿದ್ದರು.

"ಸೀದಾ ಬಾ ಮಾಮಾ! ಮಸೀದಿ ತಾವ ಎಡಕ್ಕೆ!" ಎಂದು ಕೂಗಿದ್ದು ನಾಲ್ಕು ವರ್ಷದ ಜಾಕಿಯಾ.

"ಎಡಕ್ಕಲ್ಲ ಕಣೇ, ಬಲಕ್ಕೆ! ನೀರಿನ ಟ್ಯಾಂಕ್ ತಾವ!"

ಇಪ್ಪತ್ತು ಮಕ್ಕಳೂ ಎದ್ದುನಿಂತು ಕೈ ತೋರಿಸಿ ದಾರಿ ಹೇಳಿದವು. ಮೇಡಂ ನಕ್ಕುಬಿಟ್ಟರು. ಕೆಲಸ ಉಳಿಯಿತು. ಮಂಡ್ಯದಲ್ಲಿ ನನ್ನ ಪ್ರಬಂಧಕ್ಕೆ ಚಪ್ಪಾಳೆಯೂ ಬಿತ್ತು. 'ಚಿಕಿತ್ಸೆ ಫಲಿಸಿತು' ಎಂಬುದು ಅದರ ಕೊನೆಯ ವಾಕ್ಯ.

ಪ್ರಬಂಧದ ಪ್ರತಿ ಕೊಡಲು ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ಹಾರುಹೊಡೆದಿತ್ತು. ದೇವಿರಮ್ಮ ಜಗುಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮುಚ್ಚಿಟ್ಟ ತಟ್ಟೆ, ಮುದ್ದೆ, ಸಾರು.

"ಯಾರಿಗಿದು?"

"ಇನ್ಯಾರ್ಗೆ? ಮಕ್ಳು ದಾರಿ ಏಳ್ಬುಟ್ಟವಲ್ಲ. ಬತ್ತಾನೆ. ಸೋಮಾರದಿಂದ ಬಾಗ್ಲೇ ಆಕಿಲ್ಲ."

ಬೀದಿಯಲ್ಲಿ ಮುದುಕನೊಬ್ಬ ಬಂದ. ದೇವಿರಮ್ಮ ಎದ್ದುನಿಂತರು. ಅವನು ತಿರುಗಿಯೂ ನೋಡದೆ ಹೋದ. ಅವರು ಕೂರಲಿಲ್ಲ.

"ನಲವತ್ತಾರು ವರ್ಸ ಆಯ್ತು. ನೀವು ಓದ್ದೋರು, ಏಳಿ ಮೇಷ್ಟ್ರೇ. ಮುಖ ಗೊತ್ತಿಲ್ದೋನ್ನ ಎಂಗೆ ಗುರುತಿಡೀಲಿ? ಈಗ ಇಂಗೆ ಓದ್ನಲ್ಲ ಮುದ್ಕ, ಅವನೇ ಆಗಿದ್ರೆ?"

ನಾನು ಪ್ರತಿಯನ್ನು ಚೀಲದಿಂದ ತೆಗೆಯಲಿಲ್ಲ. ಜಗುಲಿಯ ಇನ್ನೊಂದು ತುದಿಯಲ್ಲಿ ಕೂತೆ. ಮಳವಳ್ಳಿ ಬಸ್ಸು ಬಂದು ನಿಂತಿತು. ಇಳಿದವರ ಮುಖಗಳನ್ನು ನಾನೂ ಒಂದೊಂದಾಗಿ ನೋಡತೊಡಗಿದೆ.