ರಾಜ ನಡೆಯುವ ರೀತಿ

ಸಂಗೊಳ್ಳಿಯ ದೊಡ್ಡಾಟದಲ್ಲಿ ರಾಜನಾಗಿದ್ದವರು ನನಗೆ ನೆನಪಾದರೆ ಕಣ್ಣಿಗಿಂತ ಮೊದಲು ಕಿವಿಗೆ ಬರುತ್ತಾರೆ: ರಂಗದ ಹಲಗೆಯ ಮೇಲೆ ಒಂದು ಹೆಜ್ಜೆ, ಒಂದು ಬಡಿಗೆಯ ಪೆಟ್ಟು, ಆಮೇಲೆ ಹುಟ್ಟಿನಿಂದ ಗಿಡ್ಡವಾಗಿದ್ದ ಎಡಗಾಲು ಸರ್ರನೆ ಎಳೆಯುವ ಸಪ್ಪಳ. ಎಪ್ಪತ್ತರ ದಶಕದಲ್ಲಿ ಅಲ್ಲಿಯ ಶಾಲೆಯ ಮಾಸ್ತರನಾಗಿ ಆಟಕ್ಕೆ ಮಾತು ಕಲಿಸುತ್ತಿದ್ದೆ. ಚಿಂತೆ ಮಾಡುವುದು ಆಗಲೂ ನನ್ನ ಖಾಯಂ ನೌಕರಿ.

ಇಪ್ಪತ್ತು ವರ್ಷ ಪರದೆ ಹಿಡಿದವರಿಗೆ ಅದು ಮೊದಲ ಪಾತ್ರ. ಜನ ನಕ್ಕಾರೆಂದು ಹೆದರಿ, ತಾಲೀಮಿನ ಮಧ್ಯಾಹ್ನ ನಾನೊಂದು ಸಿಂಹಾಸನ ತರಿಸಿದೆ.

"ನೀವು ಕುಂತೇ ಮಾತಾಡ್ರಿ. ಕುಣಿಯೂದು ಬ್ಯಾಡ."

ಅವರು ಸಿಂಹಾಸನದ ಮೇಲೆ ತಮ್ಮ ಒದ್ದೆ ಟವೆಲ್ ಒಣಹಾಕಿದರು. "ನನ್ನ ಕೇಳಬ್ಯಾಡ್ರಿ ಮಾಸ್ತರ, ಹಲಗಿ ಕೇಳ್ರಿ." ಯಾವುದಕ್ಕೂ ಅವರದು ಇದೇ ಮಾತು.

ಕುಣಿದರು. ಮದ್ದಳೆಯವನು ಮೊದಲು ತಡವರಿಸಿದ, ಆಮೇಲೆ ಕಣ್ಣು ಮುಚ್ಚಿ ಆ ಎಳೆತಕ್ಕೂ ಒಂದು ಪೆಟ್ಟು ಹುಡುಕಿಕೊಂಡ. ಬಿಸಿಲಿನಲ್ಲಿ ಮೇಲೆದ್ದ ಧೂಳು, ಕಿರೀಟವಿನ್ನೂ ಇಡದ ಆ ತಲೆಯ ಸುತ್ತ ಹೊನ್ನಿನಂತೆ ತೇಲುತ್ತಿತ್ತು. ಆಟದ ದಿನ ಅವರನ್ನು ನೋಡಿ ಯಾರೂ ನಗಲಿಲ್ಲ. ಅವರು ದಣಿದಾರೆಂದು ಪರದೆಯ ಅಂಚಿನಲ್ಲಿ ಸ್ಟೂಲು ಹಿಡಿದು ನಿಂತಿದ್ದ ನನ್ನನ್ನು ನೋಡಿ ನಕ್ಕರು.

ಮರುವರ್ಷ ಅವರು ರಾಮದುರ್ಗಕ್ಕೆ ಹೋಗಿಬಿಟ್ಟರು. ಅವರ ಪಾತ್ರಕ್ಕೆ ಬಂದ ಗಟ್ಟಿಮುಟ್ಟಾದ ರೈತ, ತಾಲೀಮಿನಲ್ಲಿ ಬಡಿಗೆಯೂರಿ ಎಡಗಾಲು ಎಳೆಯುತ್ತ ಬಂದ. ನಾನು ಓಡಿಹೋಗಿ ಅವನನ್ನು ತಡೆದೆ.

"ಯಾಕೋ, ಕಾಲಿಗೇನಾತು?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

"ಏನೂ ಆಗಿಲ್ರಿ ಮಾಸ್ತರ. ರಾಜಾ ನಡಿಯೂದ ಹಿಂಗಲ್ಲೇನ್ರಿ?"