ನವೆಂಬರ್ ಎರಡರ ದೀಪ

ಸಿಂಗಪುರದ ಕ್ಲೆಮೆಂಟಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದವರು ಮಂಗಳೂರಿನ ಕ್ಯಾಥೊಲಿಕ್ ಆಂಟಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಪ್ರತಿ ನವೆಂಬರ್ ಎರಡರಂದು, ಅವರಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ದಿನ, ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ ಬರುತ್ತಿದ್ದರು. ಮಗನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ.

ತೊಂಬತ್ತರ ದಶಕದ ಒಂದು ವರ್ಷ, ಆ ದಿನ ನಮ್ಮ ತಿಥಿಯ ಹಾಗೇ ಇರಬೇಕೆಂದುಕೊಂಡು, ಬೆಳಿಗ್ಗೆಯೇ ಈರುಳ್ಳಿ ಬೆಳ್ಳುಳ್ಳಿ ಹಾಕದೆ ತೊವ್ವೆ, ಬಾಳೆಕಾಯಿ ಪಲ್ಯ ಮಾಡಿ ಕ್ಯಾರಿಯರ್‌ನಲ್ಲಿ ತೆಗೆದುಕೊಂಡು ಹೋದೆ. ಆಂಟಿ ಮುಚ್ಚಳ ತೆಗೆದು ನಕ್ಕೇಬಿಟ್ಟರು.

"ಅಯ್ಯೋ ಮಾರಾಯ್ತಿ, ಈರುಳ್ಳಿ ಇಲ್ಲದ್ದು ಬಡಿಸಿದ್ರೆ ಅವರು ತಟ್ಟೆ ದೂಡಿ ಏಳ್ತಿದ್ರು!"

ಅಷ್ಟರಲ್ಲಿ ಮಗ ಯೂನಿಫಾರ್ಮ್ ಹಾಕಿಕೊಂಡು ಈಚೆ ಬಂದ. ಟುವಾಸ್‌ನ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ವರ್ಷದಿಂದ ಬೇರೆ ಯಾವುದೋ ಹೊಸ ಚರ್ಚಿಗೆ ಹೋಗುತ್ತಿದ್ದ.

"ನಾನು ಬರಲ್ಲ ಮಮ್ಮಿ. ಕ್ಯಾಂಡಲ್ ಎಲ್ಲಾ ಬಿಸಾಕಿದೀನಿ. ಸತ್ತೋರಿಗೆ ಪ್ರೇ ಮಾಡಿದ್ರೆ ಏನೂ ಚೇಂಜ್ ಆಗಲ್ಲ ಲಾ. ಸತ್ತ ಮೇಲೆ ಪಾಪ ತೊಳೆಯೋ ಶುದ್ಧೀಕರಣ ಸ್ಥಳ ಅಂತ ಬೈಬಲ್‌ನಲ್ಲಿ ಇಲ್ಲವೇ ಇಲ್ಲ. ಜೀಸಸ್ ಯಾವತ್ತು ಬೇಕಾದ್ರೂ ಬರ್ತಾರೆ, ನಂಬಿದೋರನ್ನ ಮೇಲಕ್ಕೆ ಕರ್ಕೊಂಡು ಹೋಗ್ತಾರೆ. ಅಷ್ಟೇ."

"ಅವರು ಬರೋದು ನಮಗೂ ಗೊತ್ತುಂಟು. ಪ್ರತಿ ಪೂಜೆಯಲ್ಲೂ ಹೇಳ್ತೇವಲ್ಲ," ಎಂದರು ಆಂಟಿ. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಿನ್ನ ಡ್ಯಾಡಿ?"

ಅವನು ಫ್ಯಾನ್ ಕಡೆ ನೋಡಿದ. "ಡ್ಯಾಡಿ ಜೀಸಸ್‌ನ ಸರಿಯಾಗಿ ಆಕ್ಸೆಪ್ಟ್ ಮಾಡಿರ್ಲಿಲ್ಲ. ಅವರು ಅಲ್ಲಿ ಮೇಲೆ ಇರ್ತಾರೆ ಅಂತ ನಾನು ಹೇಗೆ ಹೇಳ್ಲಿ?"

ಆಂಟಿಯ ಕೈ ಕ್ಯಾರಿಯರ್ ಮೇಲೇ ಉಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಿಯ ಜೇಬಿನಲ್ಲಿ ಸದಾ ಜಪಮಾಲೆ ಇಟ್ಟುಕೊಂಡಿದ್ದ ಮನುಷ್ಯ ಆಂಟಿಯ ಗಂಡ. ಲಿಫ್ಟ್ ಕೆಟ್ಟಾಗ ನನ್ನ ಅಕ್ಕಿ ಮೂಟೆ ಹೊತ್ತು ಏಳು ಮಹಡಿ ಹತ್ತಿದವರು. ಆ ಚರ್ಚು ಹೇಳುವುದು ಸರಿಯೋ, ಈ ಚರ್ಚು ಹೇಳುವುದು ಸರಿಯೋ, ನನಗೆ ತಿಳಿಯದು. ಬೇಕಾದರೆ ದೊಡ್ಡವರು ಕೂತು ವಾದ ಮಾಡಿಕೊಳ್ಳಲಿ. ತಿಂಡಿಯ ಮೇಜಿನ ಮುಂದೆ ನಿಂತು, ಹೆತ್ತ ತಾಯಿಗೆ, ನಿನ್ನ ಗಂಡನ ಹೆಸರು ಪಟ್ಟಿಯಲ್ಲಿಲ್ಲ ಎನ್ನುವುದೇ?

"ಬ್ಲಾಕಿನ ಕೆಳಗೆ ವಾಯ್ಡ್ ಡೆಕ್‌ನಲ್ಲಿ ನಿನ್ನ ಸ್ಕೂಲ್ ಬಸ್ಸಿಗೆ ದಿನಾ ಕಾಯ್ತಿದ್ರಲ್ಲೋ ನಿಮ್ಮಪ್ಪ! ಅವರನ್ನ ಬಿಟ್ಟು ಮೇಲೆ ಹೋಗೋಕೆ ನಿಂಗೆ ಕಾಲು ಬರುತ್ತಾ?" ಎಂದೆ.

"ಇದೆಲ್ಲ ನಿಮಗೆ ಅರ್ಥ ಆಗಲ್ಲ ಆಂಟಿ," ಎಂದು ಶೂ ಹಾಕಿಕೊಂಡು ಹೊರಟುಹೋದ.

ಅರ್ಥವಾಗದಿದ್ದರೆ ಬೇಡ. ದೀಪಾವಳಿಗೆಂದು ತಂದಿಟ್ಟಿದ್ದ ಎರಡು ಹಣತೆ, ಬತ್ತಿ, ಸಣ್ಣ ಬಾಟಲಿಯಲ್ಲಿ ಎಳ್ಳೆಣ್ಣೆ ಚೀಲಕ್ಕೆ ಹಾಕಿಕೊಂಡೆ. ಟ್ಯಾಕ್ಸಿ ಹಿಡಿದು ಇಬ್ಬರೂ ಸ್ಮಶಾನಕ್ಕೆ ಹೋದೆವು. ಸುತ್ತಲಿನ ಸಮಾಧಿಗಳ ಮೇಲೆಲ್ಲ ಮೇಣದಬತ್ತಿ, ನಮ್ಮದರ ಮೇಲೆ ಮಾತ್ರ ಹಣತೆ. ಗಾಳಿಗೆ ಎರಡು ಸಲ ಆರಿತು. ನಾನು ಸೆರಗು ಅಡ್ಡ ಹಿಡಿದೆ. ಆಂಟಿ ಶಿಲುಬೆಯ ಗುರುತು ಮಾಡಿಕೊಂಡು ಬಹಳ ಹೊತ್ತು ಪ್ರಾರ್ಥಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವರು ಅಲ್ಲಿ ಇರ್ತಾರಲ್ವಾ?"

"ಇರ್ತಾರೆ ಆಂಟಿ," ಎಂದೆ.

ಬೇರೆ ದೇವರಿಗೆ ಕೈಮುಗಿಯುವ ನನಗೆ ಹಾಗೆ ಹೇಳುವ ಅಧಿಕಾರ ಯಾರು ಕೊಟ್ಟರು? ಯಾರೂ ಇಲ್ಲ. ಆದರೆ ಆ ಒಂದು ಮಾತು ಹೇಳಬೇಕಾಗಿದ್ದವನು ಡ್ಯೂಟಿಗೆ ಹೋಗಿದ್ದ.