ಅನಸುಬಾಯಿಯ ಬಚ್ಚಲಿಗೆ ಬಂದ ಬೂದು ನೀರು

ಶಹಾಬಾದಿನ ಫರಸಿ ಹಾಸುಗಲ್ಲಿನ ಕಾರ್ಖಾನೆಗಳಲ್ಲಿ ಇಪ್ಪತ್ತೆಂಟು ವರ್ಷ ಕಲ್ಲಿಗೆ ಪಾಲಿಶ್ ಹಿಡಿದ ಅನಸುಬಾಯಿಗೆ ಸಿಟ್ಟು ಹೊಸದಲ್ಲ. ಅವಳ ಜಾತಿಯವರಿಗೆ ಅಂತ ನೀರು ಕುಡಿಯಲು ಬೇರೆ ಲೋಟ ಇಟ್ಟಿದ್ದ ಮೇಸ್ತ್ರಿ ಮುಕಾದಮನ ಕಣ್ಣೆದುರಿಗೇ, ಆ ಲೋಟದ ಮೇಲೆ ಕಲ್ಲು ಎತ್ತಿಹಾಕಿ ಚಪ್ಪಟೆ ಮಾಡಿದವಳು ಅವಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಈಗ ಐವತ್ತಾರು. ಮೊಣಕಾಲು ನೋವಿಗೆ ಕೆಲಸ ಬಿಟ್ಟಿದ್ದಳು. ಸಿಟ್ಟು ಮಾತ್ರ ಬಿಟ್ಟಿರಲಿಲ್ಲ.

ಮಗ ರಾಜರತ್ನ ವಾಡಿಯಲ್ಲಿ ರೈಲ್ವೆ ನೌಕರ; ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಮನೆಯಲ್ಲಿ ಅವಳು, ಸೊಸೆ ಲುಂಬಿನಿ ಮತ್ತು ಮೂರು ತಿಂಗಳ ಹೆಣ್ಣು ಕೂಸು. ಆ ಕೂಸಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡ ಒಂದು ಬೆಳಿಗ್ಗೆ, ತಂಬಿಗೆಯ ನೀರು ಕಂಡು ಅನಸುಬಾಯಿಯ ಕೈ ನಿಂತಿತು. ಅಕ್ಕಿ ತೊಳೆದ ನೀರಿನ ಹಾಗೆ ಮಸುಕು. ಕೂಸಿನ ತೊಡೆಸಂದಿಯಲ್ಲಿ ಎಂಟು ದಿನದಿಂದ ಕೆಂಪಗೆ ಗುಳ್ಳೆ ಎದ್ದಿದ್ದವು.

ನೀರು ಬಿಡುವವನನ್ನು ಓಣಿಯಲ್ಲೇ ತಡೆದು ಕೇಳಿದಳು. ಅವನು ಸೈಕಲ್ಲಿನಿಂದ ಇಳಿಯಲೂ ಇಲ್ಲ. "ಅದು ಗಾಳಿ ಅದ ಯವ್ವಾ. ಪೈಪಿನಾಗ ಗಾಳಿ ಸೇರಿದ್ರ ನೀರು ಬೆಳ್ಳಗ ಕಾಣ್ತದ."

ಅನಸುಬಾಯಿ ಮನೆಗೆ ಬಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಕಿಟಕಿಯಲ್ಲಿಟ್ಟಳು. ಗಾಳಿಯಾದರೆ ಗುಳ್ಳೆಗಳು ಮೇಲೇರಿ, ಎರಡು ನಿಮಿಷದಲ್ಲಿ ಲೋಟ ತಳದಿಂದ ತಿಳಿಯಾಗಬೇಕು. ಆಗಲಿಲ್ಲ. ರೊಟ್ಟಿ ಬಡಿದು ಮುಗಿಸಿ ನೋಡಿದರೆ ನೀರು ಮೇಲಿನಿಂದ ತಿಳಿಯಾಗಿತ್ತು, ತಳದಲ್ಲಿ ಬೂದು ಬಣ್ಣದ ಪದರ ಕುಳಿತಿತ್ತು.

"ಗಾಳಿ ಅಂತ ಗಾಳಿ! ಗಾಳಿ ಎಂದಾದ್ರೂ ತಳಕ್ಕ ಕುಂದರ್ತದೇನು?" ಎಂದು ಲುಂಬಿನಿಯ ಮೇಲೆ ಹರಿಹಾಯ್ದಳು. ಅವಳೇನು ಮಾಡಿದ್ದಳು ಪಾಪ.

ನಳ ರಿಪೇರಿ ಮಾಡುವ ಗುಲಾಮ್ ರಸೂಲ್ ಬಂದು ಮಾಳಿಗೆಯ ನೀರಿನ ಟಾಕಿಗೆ ಕೈ ಬಿಟ್ಟ. ಮೊಣಕೈವರೆಗೂ ಕೆಸರಿನಂಥ ರಾಡಿ ಮೆತ್ತಿಕೊಂಡು ಬಂತು. ಮುಚ್ಚಳ ಸೀಳಿತ್ತು.

"ಅಮ್ಮಾ, ಯಾವಾಗ ತೊಳದೀರಿ ಇದನ್ನ?"

ಮೂರು ವರ್ಷದಿಂದ ಯಾರೂ ಮಾಳಿಗೆ ಹತ್ತಿರಲಿಲ್ಲ. ಅನಸುಬಾಯಿ ತನ್ನ ಮೇಲೆಯೇ ಬಂದ ಸಿಟ್ಟನ್ನು ಫೋನಿನಲ್ಲಿ ಮಗನ ಮೇಲೆ ತೀರಿಸಿಕೊಂಡಳು. ರಸೂಲ್ ಟಾಕಿ ಬರಿದು ಮಾಡಿ, ತಿಕ್ಕಿ, ಔಷಧ ಹಾಕಿ ತೊಳೆದು ಹೊಸ ಮುಚ್ಚಳ ಹಾಕಿದ.

ಮರುದಿನ ನೀರು ಬಂತು. ಈ ಸಲ ಅವಳು ಟಾಕಿಗೆ ಬಿಡದೆ, ಅಂಗಳದ ನಳದಿಂದಲೇ ಬಕೆಟ್ಟು ತುಂಬಿಸಿದಳು. ಅದೇ ಬೂದು ನೀರು. ತಳದ ಪದರವನ್ನು ಎರಡು ಬೆರಳ ನಡುವೆ ತಿಕ್ಕಿದಳು. ಮೊದಲು ನುಣುಪು, ಆಮೇಲೆ ಸಣ್ಣಗೆ ಉಗುರಿಗೆ ತಾಗುವ ಒರಟು. ಇಪ್ಪತ್ತೆಂಟು ವರ್ಷ ಅಂಗೈಯ ಗೆರೆಗಳಲ್ಲಿ ಕುಳಿತಿದ್ದ ಪುಡಿ ಅದು.

"ಲುಂಬಿನಿ, ಇದು ಮಣ್ಣಲ್ಲ. ಪಾಲಿಶ್ ಮಷಿನ್ ಕೆಳಗಿನ ಕಲ್ಲಿನ ರಾಡಿ."

ಮುಂದಿನ ಸಲ ನೀರು ಬರುವ ದಿನ ಅವಳು ಓಣಿಯ ಎಂಟು ಮನೆಗಳಿಗೂ ಖಾಲಿ ಬಾಟಲಿ ಕೊಟ್ಟು, ಬಂದ ಮೊದಲ ನೀರನ್ನೇ ಹಿಡಿದಿಡಲು ಹೇಳಿದಳು. ಮೇಲಿನ ತುದಿಯ ಜಾನಬಿಯ ಮನೆಯ ಬಾಟಲಿ ಕನ್ನಡಿಯಂತಿತ್ತು. ಜಾನಬಿಯ ಪಕ್ಕದ ಮನೆಯದೂ ಹಾಗೆಯೇ. ಮೂರನೆಯದರಿಂದ ಕೆಳಗಿನ ಆರೂ ಬೂದು. ಎರಡನೆಯ ಮತ್ತು ಮೂರನೆಯ ಮನೆಯ ನಡುವೆ ಇದ್ದದ್ದು ಶಾಂತಕುಮಾರ ಸಾಹುಕಾರನ ಪಾಲಿಶ್ ಕಾರ್ಖಾನೆಯ ಗೋಡೆ, ಗೋಡೆಗೆ ತಾಗಿ ರಸ್ತೆಯ ಅಂಚಿನಲ್ಲಿ ಅವನು ಬೇಸಿಗೆಯಲ್ಲಿ ತೋಡಿಸಿದ್ದ ರಾಡಿಯ ಹೊಂಡ.

ರಸೂಲ್ ಹೊಂಡ ನೋಡಿ ತಲೆಯಾಡಿಸಿದ. "ಪೈಪು ಇದರ ಬುಡದಾಗ ಹಾದದ ಅಮ್ಮಾ. ಎಲ್ಲೋ ಸೀಳಿರಬೇಕು. ನೀರು ಬಂದ್ ಆದಾಗ ಪೈಪು ಖಾಲಿ ಆಗ್ತದ ನೋಡ್ರಿ, ಆಗ ಹೊರಗಿನ ರಾಡಿ ಒಳಗ ಎಳಕೊಳ್ತದ."

ಅನಸುಬಾಯಿ ಎಂಟೂ ಬಾಟಲಿ ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೋಗಿ ಸಾಹುಕಾರನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅವನು ಫೋನಿನಿಂದ ಕಣ್ಣೆತ್ತಿ ನಕ್ಕ.

"ಶಹಾಬಾದ ನೀರೇ ಗಡುಸು ಅದ ಅನಸುಬಾಯಿ. ಸುಣ್ಣದ ಕಲ್ಲಿನ ಊರು. ನಿನಗ ಗೊತ್ತಿಲ್ಲೇನು?"

"ಗಡುಸು ನೀರಿನ ಸುಣ್ಣ ಕಾಸಿದ ಮ್ಯಾಲ ಹಂಡಿಗಿ ಹಿಡೀತದ್ರಿ ಸಾಹುಕಾರ್ರ. ಇದು ತಣ್ಣೀರಾಗೇ ಬರ್ಲಿಕತ್ತದ. ಜಾನಬಿ ಮನಿಗೂ ಇದೇ ಪೈಪು. ಆಕಿ ಮನ್ಯಾಗ ಯಾಕಿಲ್ಲ?"

"ನಿಮ್ಮ ಓಣಿ ಮಂದಿಗಿ ಎಂಥಾ ನೀರು ಕೊಟ್ಟರೂ ತಕರಾರೇ."

ಅವಳ ಕಿವಿ ಬಿಸಿಯಾದವು. ದನಿ ಮಾತ್ರ ಏರಲಿಲ್ಲ. ಅತ್ಯಂತ ಬೂದಾದ ಬಾಟಲಿಯನ್ನು ಅವನ ಮುಂದಕ್ಕೆ ನೂಕಿದಳು. "ಹಂಗಾದ್ರ ನಿಮ್ಮ ಮೊಮ್ಮಗನಿಗಿ ಇದರಾಗ ಒಂದು ಸಲ ಜಳಕ ಮಾಡಸ್ರಿ. ನಾ ಇಲ್ಲೇ ಕುಂತು ನೋಡ್ತೀನಿ."

ಶಾಂತಕುಮಾರ ಬಾಟಲಿ ಮುಟ್ಟಲಿಲ್ಲ. ಅವಳನ್ನು ಹೊರಗೆ ಕಳಿಸಲು ಆಳನ್ನು ಕರೆದ. ಆ ಆಳು ಒಂದು ಕಾಲದಲ್ಲಿ ಅನಸುಬಾಯಿಯ ಜೊತೆಗೇ ಪಾಲಿಶ್ ಹಿಡಿದವನು. ಬಾಗಿಲಲ್ಲೇ ತಲೆ ತಗ್ಗಿಸಿ ನಿಂತುಬಿಟ್ಟ. ಅವಳು ತಾನಾಗಿಯೇ ಎದ್ದು ಬಂದಳು.

ನೀರಿನ ಕಚೇರಿಗೆ ಮೂರು ಸಲ ಹೋದಳು. ಒಂದು ಸಲ ಸಾಹೇಬರು ಮೀಟಿಂಗಿನಲ್ಲಿ, ಒಂದು ಸಲ ಊಟಕ್ಕೆ, ಇನ್ನೊಂದು ಸಲ ಕಲಬುರಗಿಯಲ್ಲಿ. ನಾಲ್ಕನೆಯ ಸಲ ಅವಳು ಒಬ್ಬಳೇ ಹೋಗಲಿಲ್ಲ. ಕೆಳಗಿನ ಆರು ಮನೆಯ ಹೆಂಗಸರು ಆ ದಿನ ಜಳಕಕ್ಕೆ ಹಿಡಿದ ನೀರನ್ನು ಬಕೆಟ್ಟುಗಳಲ್ಲಿ ಹೊತ್ತು ತಂದು ಕಚೇರಿಯ ಬಾಗಿಲಿಗೆ ಅಡ್ಡ ಇಟ್ಟರು. ಶುದ್ಧ ನೀರು ಬರುವ ಜಾನಬಿಯೂ ಬಂದಿದ್ದಳು. "ಇವತ್ತು ನಿಂದು, ನಾಳಿ ನಂದು," ಎಂದು ಅನಸುಬಾಯಿಯ ಪಕ್ಕದಲ್ಲೇ ಕುಳಿತಳು. ಸಾಹೇಬರು ಹೊರಗೆ ಹೋಗಬೇಕೆಂದರೆ ಬಕೆಟ್ಟು ದಾಟಬೇಕು. ದಾಟಲು ಆಗಲಿಲ್ಲ, ಬಗ್ಗಿ ನೋಡಬೇಕಾಯಿತು.

ಮರುದಿನ ಅಗೆದರು. ಹೊಂಡದ ಪಕ್ಕದಲ್ಲಿ, ಕಲ್ಲಿನ ಲಾರಿಗಳು ಓಡಾಡುವ ಜಾಗದ ಕೆಳಗೆ ಪೈಪಿನ ಜೋಡಣೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಸುತ್ತಲೂ ಬೂದು ರಾಡಿ ಗಾರೆಯಂತೆ ನಿಂತಿತ್ತು. ಐದು ದಿನದಲ್ಲಿ ಹೊಸ ಪೈಪು ಬಂತು. ಸಾಹೇಬರು ಒಂದು ಕಾಗದ ತಂದು, "ತೊಂದರೆ ಬಗೆಹರಿದಿದೆ ಅಂತ ಒಂದು ಸಹಿ ಮಾಡಮ್ಮ," ಎಂದರು.

"ಹೊಂಡ ಅಲ್ಲೇ ಅದ. ಈ ಪೈಪೂ ಒಂದಿನ ಸೀಳ್ತದ. ಹೊಂಡ ಸರದ ಮ್ಯಾಲ ಸಹಿ."

ಹನ್ನೊಂದು ದಿನ ಆ ಕಾಗದ ಸಹಿ ಇಲ್ಲದೆ ಅವಳ ಮನೆಗೂ ಸಾಹುಕಾರನ ಕಾರ್ಖಾನೆಗೂ ಓಡಾಡಿತು. ಹನ್ನೆರಡನೆಯ ದಿನ ಶಾಂತಕುಮಾರ ರಸ್ತೆಯ ಹೊಂಡ ಬರಿದು ಮಾಡಿಸಿ ಮುಚ್ಚಿಸಿದ; ಅಷ್ಟರಲ್ಲಿ ಕಾರ್ಖಾನೆಯ ಹಿತ್ತಲಲ್ಲಿ ಫರಸಿ ಹಾಸಿದ ಹೊಸ ಹೊಂಡ ಕಟ್ಟಿಸಿದ್ದ. ಅವಳೆದುರು ಬಂದು ಒಂದು ಮಾತೂ ಆಡಲಿಲ್ಲ. ಅವಳು ಲುಂಬಿನಿ ಕಲಿಸಿದಂತೆ ತನ್ನ ಹೆಸರನ್ನು ಅಕ್ಷರ ಅಕ್ಷರ ಒತ್ತಿ ಬರೆದಳು.

ರಸೂಲ್ ಟಾಕಿಯನ್ನು ಇನ್ನೊಮ್ಮೆ ತೊಳೆದ. ಮೊದಲ ಕಾಲು ಗಂಟೆಯ ನೀರನ್ನು ಗಟಾರಕ್ಕೆ ಬಿಟ್ಟು ಆಮೇಲೆ ತುಂಬಿಸಿದರು. ಬಕೆಟ್ಟಿನ ತಳದ ಕಂಪನಿಯ ಹೆಸರೂ ಓದುವಷ್ಟು ತಿಳಿಯಾಗಿತ್ತು ನೀರು. ಕೂಸು ಕಾಲ ಮೇಲೆ ಮಲಗಿ ಕೈ ಬಡಿಯುತ್ತಿತ್ತು, ಗುಳ್ಳೆ ಬಾಡಿದ್ದವು.

"ಈಗರೆ ಸಿಟ್ಟು ಇಳೀತೇನು ಅತ್ತಿ?" ಲುಂಬಿನಿ ಕೇಳಿದಳು.

"ಹೆಂಗ ಇಳೀತದ? ನಾವು ಕಂಡು ಹಿಡದ್ವಿ, ನಾವು ಹೊತ್ತು ಒಯ್ದು ತೋರಿಸಿದ್ವಿ. ಇಷ್ಟ ದಿನ ಆ ರಾಡ್ಯಾಗ ಜಳಕ ಮಾಡಿದ್ದು ಈ ಕೂಸು. ಅದಕ್ಕ ಯಾರರೆ ಬಂದು, ತಪ್ಪಾಯ್ತವ್ವಾ ಅಂದಾರೇನು?"

ಲುಂಬಿನಿ ಬಿಸಿನೀರು ಬೆರೆಸಿ ತಂಬಿಗೆ ಕೊಟ್ಟಳು. ಅನಸುಬಾಯಿ ಅದರ ಬಿಸಿಯನ್ನು ಮೊಣಕೈಯಿಂದ ಮುಟ್ಟಿ ನೋಡಿ, ಹುಬ್ಬು ಗಂಟು ಹಾಕಿಕೊಂಡೇ, ಕೂಸಿನ ನೆತ್ತಿಗೆ ಮೆಲ್ಲಗೆ ಸುರಿದಳು.